ಮಳಿ ನೀರು ಎಲ್ಲಿ ಹೋಗ್ತದ್ರಿ?

ಇಷ್ಟಕ್ಕೆಲ್ಲ ಕಾರಣ ಒಂದು ಸಣ್ಣ ಪ್ರಶ್ನೆ. ನಗರಸಭೆಯ ಎಂಜಿನಿಯರ್ ರೇಣುಕಾದೇವಿಯವರು ಹಂಪಣ್ಣನ ಹಳೇ ಅಕ್ಕಿ ಮಿಲ್ಲಿನ ಜಾಗದ ನಟ್ಟನಡುವೆ ನಿಂತು, ಬಿಸಿಲಿಗೆ ಹಣೆಯ ಮೇಲೆ ಕೈ ಮರೆ ಮಾಡಿಕೊಂಡು, ನಾಲ್ಕೂ ದಿಕ್ಕು ನೋಡಿ ಕೇಳಿದ್ದರು:

"ಮಳಿ ಬಂದ್ರ ಈ ಜಾಗದ ನೀರು ಎಲ್ಲಿ ಹೋಗ್ತದ್ರಿ?"

ಹಂಪಣ್ಣನೂ ನಾಲ್ಕೂ ದಿಕ್ಕು ನೋಡಿದ. ಈ ಅಂಗಳದಲ್ಲಿ ಅವನು ಅಂಬೆಗಾಲಿಟ್ಟಿದ್ದ, ಓಡಿದ್ದ, ಅಪ್ಪನ ಕೈಯಲ್ಲಿ ಹೊಡೆತ ತಿಂದಿದ್ದ, ಅಪ್ಪ ಶಿವನ ಪಾದ ಸೇರಿದ ಮೇಲೆ ಅಪ್ಪನ ಗಾದಿಯ ಮೇಲೆಯೇ ಕೂತಿದ್ದ. ಭತ್ತ ಎಲ್ಲಿಂದ ಬರುತ್ತದೆ, ಅಕ್ಕಿ ಎಲ್ಲಿಗೆ ಹೋಗುತ್ತದೆ, ತೌಡು ಯಾರಿಗೆ, ನುಚ್ಚು ಯಾರಿಗೆ, ಎಲ್ಲ ಬಾಯಿಪಾಠವಿತ್ತು. ಮಳೆನೀರಿನ ಸಮಾಚಾರವನ್ನು ಮಾತ್ರ ಈ ತನಕ ಯಾರೂ ಅವನನ್ನು ಕೇಳಿರಲಿಲ್ಲ.

"ಅದು... ಹೋಗ್ತದ್ರಿ ಮೇಡಂ. ಅದರ ಪಾಡಿಗೆ ಅದು."

"ಹಂಗಂದ್ರ ಆಗೂದಿಲ್ರಿ. ಹಳೇದು ಕೆಡವಿದ ಜಾಗದಾಗ ಹೊಸಾ ಅಂಗಡಿ ಸಾಲು ಕಟ್ಟಬೇಕಂದ್ರ ಮಳಿ ನೀರಿನ ಬಂದೋಬಸ್ತ್ ಮೊದಲ ತೋರಿಸ್ಬೇಕು. ಹೊಸಾ ನಿಯಮ ಬಂದಾವ. ಗುರುವಾರ ಸಂಜೀಮುಂದ ಬರ್ತೀನಿ. ಒಂದು ಟ್ಯಾಂಕರ್ ನೀರು ತರಿಸಿಡ್ರಿ. ಜಾಗದಾಗ ಬಿಟ್ಟು, ನೀರು ಏನ ಮಾಡ್ತದ ನೋಡೂಣು."

ನೀರು ಏನು ಮಾಡಬೇಕು ಎಂಬುದನ್ನೂ ಅವರೇ ಹೇಳುತ್ತಿದ್ದರೇನೋ. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಮಾತಾಡುತ್ತಲೇ ಸ್ಕೂಟಿ ಹತ್ತಿ ಹೋದರು. ಉಳಿದ ವಿವರಣೆಯನ್ನು ಪಕ್ಕದ ಗೊಬ್ಬರದಂಗಡಿಯ ವಿರುಪಣ್ಣ ಕೊಟ್ಟ. ವಿರುಪಣ್ಣನನ್ನು ಕೇಳಿದರೆ ಅವನಿಗೆ ಗೊತ್ತಿಲ್ಲದ ನಿಯಮವೇ ಇರಲಿಲ್ಲ. ಬೇರೆಯವರನ್ನು ಕೇಳಿದರೆ, ಗೊತ್ತಿದ್ದದ್ದು ಒಂದೂ ಇರಲಿಲ್ಲ.

"ತಿಳೀಲಿಲ್ಲೇನಲೇ ಹಂಪಣ್ಣ? ನಿನ್ನ ಜಾಗದಾಗ ಒಂದ ಹನಿ ನಿಂತ್ರೂ ನೀ ಫೇಲು. ಬಿದ್ದ ನೀರು ಬಿದ್ದಂಗ ಸುಂಯ್ ಅಂತ ಹರದು ಗಟಾರಕ್ಕ ಹೋಗ್ಬೇಕು. ಅದ ನಿಯಮ."

ಅಲ್ಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ನೀರು ಅಂದ ಮೇಲೆ ಹರಿಯದೆ ಇನ್ನೇನು ಮಾಡೀತು?

ಹಂಪಣ್ಣನಿಗೆ ಇದು ಬರೀ ಕಟ್ಟಡದ ಮಾತಾಗಿರಲಿಲ್ಲ. ಕೂಡುವ ಜಾಗದ ಮಾತಾಗಿತ್ತು.

ಮಿಲ್ಲು ನಡೆಯುತ್ತಿದ್ದ ಕಾಲಕ್ಕೆ ಅವನಿಗೊಂದು ಗಾದಿ ಇತ್ತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು ಅದರ ಮೇಲೆ ಕೂತರೆ ಎದುರಿನಲ್ಲಿ ಇಡೀ ಗಂಗಾವತಿ ಹಾದು ಹೋಗುತ್ತಿತ್ತು. ಚಕ್ಕಡಿಯವರು, ಲಾರಿಯವರು, ದಲಾಲರು, ಜೋಳಿಗೆಯ ಜಂಗಮರು, ಯಾರೂ "ಶರಣ್ರಿ ಸಾವ್ಕಾರ್ರ" ಎನ್ನದೆ ಮುಂದೆ ಹೋಗುತ್ತಿರಲಿಲ್ಲ. ಶ್ರಾವಣ ಬಂತೆಂದರೆ ಸಂಜೆ ಅದೇ ಅಂಗಳದಲ್ಲಿ ಪುರಾಣ. ಯಲಬುರ್ಗಿ ಕಡೆಯಿಂದ ಬರುತ್ತಿದ್ದ ಶಾಸ್ತ್ರಿಗಳು ಕಣ್ಣು ಮುಚ್ಚಿ ಪದ್ಯ ಎತ್ತಿಕೊಂಡರೆ, ಎಂಜಿನ್ನು ನಿಲ್ಲಿಸಿದ ಮಿಲ್ಲು ಕೂಡ ಉಸಿರು ಬಿಗಿಹಿಡಿದು ಕೇಳುತ್ತಿದೆಯೇನೋ ಅನ್ನಿಸುತ್ತಿತ್ತು. ಹಮಾಲರು ಚೀಲಕ್ಕೆ ಒರಗಿ ಕೂಡುತ್ತಿದ್ದರು. ಭತ್ತ ಒಣಗಿಸುವ ಹೆಂಗಸರು ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದರು. ಗೇಟಿನ ಹತ್ತಿರ ಚಹಾ ಮಾಡುತ್ತಿದ್ದ ತಾಜಬೀ ತಾನು ಒಲೆಯ ಮುಂದೆಯೇ ಇದ್ದು, ಕಿವಿಗಳನ್ನಷ್ಟೇ ಈ ಕಡೆಗೆ ಕಳಿಸುತ್ತಿದ್ದಳು. ಒಮ್ಮೊಮ್ಮೆ ಪದ್ಯದ ನಡುವೆಯೇ ಮಳೆ ಬಂದುಬಿಡುತ್ತಿತ್ತು. ತಗಡಿನ ಸದ್ದಿಗೆ ಶಾಸ್ತ್ರಿಗಳ ದನಿ ಕೇಳದೆ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಮುಂದೆ ಸರಿಯುತ್ತಿದ್ದರು. ಆಗಲೂ ನೀರು ಎಲ್ಲಿಗೋ ಹೋಗಿರಲೇಬೇಕು. ಪುರಾಣ ಬಿಟ್ಟು ಅದರ ಬೆನ್ನು ಹತ್ತಿ ಹೋದವರು ಯಾರು?

ಈಗ ಮಿಲ್ಲು ಮುಚ್ಚಿ, ಕೆಡವಿಯೂ ಆಗಿತ್ತು. ಯಂತ್ರಗಳು ಕಾರಟಗಿಯ ಮಿಲ್ಲಿನವರ ಪಾಲಾಗಿದ್ದವು, ಹಂಪಣ್ಣ ಮನೆಯ ಪಾಲಾಗಿದ್ದ. ಹೆಂಡತಿ ಅನ್ನಮ್ಮನಿಗೆ ಕಸ ಹೊಡೆಯುವಾಗ ಅವನ ಕಾಲು ಅಡ್ಡ, ರೊಟ್ಟಿ ಬಡಿಯುವಾಗ ಅವನ ಉಪದೇಶ ಅಡ್ಡ, ಮಧ್ಯಾಹ್ನ ಕಣ್ಣಿಗೆ ಕಣ್ಣು ಹತ್ತುವಾಗ ಅವನ ನಿಟ್ಟುಸಿರು ಅಡ್ಡ.

"ನಮ್ಮ ಸಂಸಾರ ಇಷ್ಟು ವರ್ಷ ಛಲೋ ನಡದದ್ದು ನೀವು ಹಗಲೆಲ್ಲಾ ಮಿಲ್ಲಿನ್ಯಾಗ ಇರ್ತಿದ್ರಲ್ಲ, ಅದಕ್ಕರಿ," ಎಂದಿದ್ದಳು ಒಂದು ದಿನ, ಸಿಟ್ಟಿಲ್ಲದೆ, ಪಂಚಾಂಗ ಓದಿ ಹೇಳಿದ ಹಾಗೆ. "ಎಲ್ಲ್ಯಾರ ಕುಂಡ್ರಾಕ ಒಂದು ಜಾಗಾ ಮಾಡ್ಕೋರಿ. ನಿಮಗೂ ಛಲೋ, ನನಗೂ ಛಲೋ."

ಅದಕ್ಕೇ ಈ ಅಂಗಡಿ ಸಾಲು. ಉಳಿದ ಮಳಿಗೆಗಳು ಬಾಡಿಗೆಗೆ, ರಸ್ತೆಗೆ ಮುಖ ಮಾಡಿದ ಮೂಲೆಯದೊಂದು ತನಗೆ. ಅದರಲ್ಲಿ ಏನು ಮಾರುವುದೆಂದು ಅವನಿನ್ನೂ ಯೋಚಿಸಿರಲಿಲ್ಲ. ಮಾರುವುದು ಹೆಂಗೂ ಆಗುತ್ತದೆ. ಮೊದಲು ಕೂಡಬೇಕು. ಹಾದು ಹೋಗುವವರು ಶರಣೆನ್ನಬೇಕು.

ಗುರುವಾರ ಹಂಪಣ್ಣ ಪೂಜೆ ಮುಗಿಸಿ ಜಾಗಕ್ಕೆ ಬರುವಷ್ಟರಲ್ಲಿ ವಿರುಪಣ್ಣ ಆಗಲೇ ಅಲ್ಲಿ ತಿರುಗಾಡುತ್ತಿದ್ದ. ಮಿಲ್ಲು ಕೆಡವಿದ ಮೇಲೆ ಅದರ ನೆಲ ಇಲಿ ಕಡಿದಿಟ್ಟ ರೊಟ್ಟಿಯಂತಾಗಿತ್ತು. ಎಂಜಿನ್ನು ಕಿತ್ತಲ್ಲಿ ಒಂದು ಗುಂಡಿ, ಬಾಯ್ಲರು ಕಿತ್ತಲ್ಲಿ ಇನ್ನೊಂದು, ಗಚ್ಚು ಒಡೆದಲ್ಲೆಲ್ಲ ತಗ್ಗು ದಿಣ್ಣೆ. ಸುತ್ತ ರಸ್ತೆಯವರಿಗೆ ಕಾಣದ ಹಾಗೆ ತಗಡಿನ ಮರೆ.

"ಈ ತಗ್ಗಿನ್ಯಾಗೆಲ್ಲಾ ನೀರು ನಿಲ್ತದ," ಎಂದ ವಿರುಪಣ್ಣ, ವೈದ್ಯರು ನಾಡಿ ಹಿಡಿದ ಗಾಂಭೀರ್ಯದಲ್ಲಿ. "ಮೊದಲ ಸಪಾಟ ಮಾಡ್ಸು."

"ಯಾರನ್ನ ಕರೀಲಿ? ಜೆಸಿಬಿಯವರು ಇವತ್ತ ಯಾರೂ ಖಾಲಿ ಇಲ್ಲಂತ."

"ಹೊಳಿಯಪ್ಪ ಖಾಲಿ ಅದಾನಲ್ಲ!"

ಹೊಳಿಯಪ್ಪ ಗದ್ದೆ ಕೆಲಸದವರ ಮುಂದಾಳು. ಭತ್ತದ ಗದ್ದೆಗೆ ಕೆಸರು ಹೊಡೆದು, ಹಲಗೆ ಎಳೆದು ಸಮ ಮಾಡಿ, ನಾಟಿಗೆ ತಯಾರು ಮಾಡಿ ಕೊಡುವುದರಲ್ಲಿ ಅವನ ಗುಂಪಿಗೆ ಸುತ್ತ ಹತ್ತೂರಲ್ಲಿ ಹೆಸರು. ಈ ವರ್ಷ ಕಾಲುವೆಗೆ ನೀರು ಬಿಡುವುದು ತಡವಾಗಿತ್ತು. ಮಳೆಯೂ ಮುನಿಸಿಕೊಂಡಿತ್ತು. ಗದ್ದೆಗಳು ಒಣಗಿ ಬಾಯಿ ಬಿಟ್ಟು ಕೂತಿದ್ದವು. ಹೊಳಿಯಪ್ಪನ ಗುಂಪು ಕೈಗೆ ಕೆಸರಿಲ್ಲದೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಕೂತು ಕಟ್ಟೆಯನ್ನೇ ಸವೆಸುತ್ತಿತ್ತು. ಕರೆ ಹೋದದ್ದೇ ತಡ, ಟ್ರ್ಯಾಕ್ಟರು, ಹಲಗೆ, ಸಲಿಕೆ ಎಲ್ಲ ಹೊತ್ತು ನಿಬ್ಬಣದ ಹುರುಪಿನಲ್ಲಿ ಬಂದಿಳಿದರು.

"ಏನ ಮಾಡ್ಬೇಕ್ರಿ ಸಾವ್ಕಾರ್ರ?"

"ಸಪಾಟ ಮಾಡಪ. ಒಂದ ತಗ್ಗ ಇರಬಾರ್ದು, ಒಂದ ದಿಣ್ಣಿ ಇರಬಾರ್ದು. ಸಂಜೀಗೆ ಎಂಜಿನಿಯರ್ ಬಂದು ನೀರು ಬಿಟ್ಟು ನೋಡೋರು ಅದಾರ."

ಹೊಳಿಯಪ್ಪನ ಕಣ್ಣು ಅರಳಿದವು. ಇಷ್ಟು ವರ್ಷದ ಕೆಲಸದಲ್ಲಿ ಅವನ ಕೈಗುಣ ನೋಡಲು ಎಂಜಿನಿಯರ್ ಬರುವುದು ಇದೇ ಮೊದಲು.

"ಬರ್ಲಿ ಬಿಡ್ರಿ! ನೀರು ಬಿಟ್ಟ ನೋಡ್ಲಿ. ಕೂದಲೆಳಿಯಷ್ಟ ಏರುಪೇರು ಕಂಡ್ರ ನಾ ಸಲಿಕಿ ಹಿಡಿಯೂದ ಬಿಡ್ತೀನಿ. ನೀವು ನಿಮ್ಮ ಕೆಲಸ ನೋಡ್ಕೋ ಹೋಗ್ರಿ."

ಹಂಪಣ್ಣ ಶಿವನನ್ನು ನೆನೆದು ಹೊರಗೆ ಬಂದ. ನೆಲದ ಚಿಂತೆ ತೀರಿತು, ಇನ್ನು ಗಟಾರ.

ಗಟಾರದ ಚಪ್ಪಡಿಯ ಮೇಲೆಯೇ ತಾಜಬೀಯ ಚಹಾ ಮಿರ್ಚಿಯ ತಳ್ಳುಬಂಡಿ. ಆಗಲೇ ಎಣ್ಣೆ ಕಾದಿತ್ತು.

"ಆಪಾ, ಇವತ್ತೊಂದಿನ ಬಂಡಿ ಆಚಿ ಸರಿಸು. ಗಟಾರ ಬಿಚ್ಚಬೇಕು. ನೀರು ಹೋಗಾಕ ಹಾದಿ ಬೇಕು."

ತಾಜಬೀ ಒಂದೊಂದೇ ಮಿರ್ಚಿ ಬಿಡುತ್ತ ತಲೆ ಎತ್ತದೆ ಹೇಳಿದಳು. "ನಿಮ್ಮಪ್ಪ ಗಾದಿ ಮ್ಯಾಲ ಕುಂತಾಗಿಂದ ನಾ ಇಲ್ಲೇ ಅದೀನಿ. ಒಂದಿನಾ ನೀರು ಬಂದು 'ತಾಜಬೀ ಸರಿ, ನನಗ ಹೊತ್ತಾತು' ಅಂದಿಲ್ಲ. ಈಗ ಅದಕ್ಕ ಇಷ್ಟು ದಿಮಾಕ್ ಯಾವಾಗ ಬಂತೋ?"

"ಹೊಸಾ ಅಂಗಡಿ ಎದ್ದರ ನಿನಗೂ ಒಂದು ಜಾಗಾ ಕೊಡ್ತೀನಿ ಆಪಾ. ಮ್ಯಾಲ ಸಿಮೆಂಟ್ ಚಾವಣಿ, ಕೆಳಗ ಫರಸಿ ಕಲ್ಲು."

"ಬಾಡಿಗಿ?"

ಹಂಪಣ್ಣ ಕೆಮ್ಮಿದ. ಅಪ್ಪನ ಮುಖ ನೆನಪಾಯಿತು. "ಹಳೇ ಬಾಡಿಗಿನ."

ಹಳೇ ಬಾಡಿಗೆ ಎಂದರೆ ಹೊತ್ತಿಗೆ ಸರಿಯಾಗಿ ಗಾದಿಗೆ ಬರುತ್ತಿದ್ದ ಒಂದು ಕಪ್ ಚಹಾ. ತಾಜಬೀ ಒಲೆ ಆರಿಸಿ, ಸೆರಗು ಬಿಗಿದು, ಬಂಡಿ ನೂಕಲು ತಾನೇ ಮೊದಲು ಹೆಗಲು ಕೊಟ್ಟಳು.

ಚಪ್ಪಡಿ ಎತ್ತಿದರು. ನೀರಿನ ಹಾದಿ ಇರಬೇಕಾದಲ್ಲಿ ಒಂದು ಗೋಡೆ ಇತ್ತು. ಹೊಟ್ಟಿನ ಗೋಡೆ! ವರ್ಷಾನುವರ್ಷ ಮಿಲ್ಲಿನಿಂದ ಹಾರಿ ಬಂದ ಭತ್ತದ ಹೊಟ್ಟು ಕೂತು, ನೆನೆದು, ಒಣಗಿ, ಮತ್ತೆ ಕೂತು, ಗಾರೆ ಹಾಕಿದಷ್ಟು ಗಟ್ಟಿಯಾಗಿತ್ತು. ಹಾರೆ ಹಾಕಿ ಒಂದು ಹೆಂಟೆ ಕಿತ್ತರು. ಕಿತ್ತ ಕೂಡಲೇ ಒಳಗಿನಿಂದ ಆ ವಾಸನೆ ಎದ್ದು ಬಂತು. ಬೆಂದ ಭತ್ತದ್ದು, ತೌಡಿನದು, ಎಂಜಿನ್ನಿನ ಎಣ್ಣೆಯದು, ಎಲ್ಲ ಕೂಡಿದ್ದು. ಬಗ್ಗಿ ನೋಡುತ್ತಿದ್ದವರು ಬಗ್ಗಿದ ಹಾಗೆಯೇ ನಿಂತರು.

"ನಮ್ಮ ಮಿಲ್ಲಿನ ವಾಸ್ನಿ," ಎಂದ ಹಂಪಣ್ಣ.

"ಅಲ್ಲಾ ನಿಮ್ಮಪ್ಪನ್ನ ಛಲೋ ಇಟ್ಟಿರ್ಲಿ," ತಾಜಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳೂದು ಆಮ್ಯಾಲೆ," ವಿರುಪಣ್ಣ ಮೂಗು ಹಿಡಿದುಕೊಂಡೇ ಹೇಳಿದ. "ಹೋದ ವರ್ಷದ ಮಳ್ಯಾಗ ನಿನ್ನ ಜಾಗದ ನೀರೆಲ್ಲಾ ನನ್ನ ಗೋದಾಮಿಗೆ ನುಗ್ಗಿ ಯೂರಿಯಾ ಪಾಯಸ ಆತಲ್ಲ, ಅದಕ್ಕ ಕಾರಣ ಈ ವಾಸ್ನಿನ ನೋಡಪ!"

ಎಷ್ಟು ಅಗೆದರೂ ಗೋಡೆ ಒಂದು ಮೊಳಕ್ಕಿಂತ ಹಿಂದೆ ಸರಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾರೆ ಅದರಲ್ಲಿ ಸಿಕ್ಕಿಕೊಂಡು, ಈಗ ಹೊಟ್ಟು ತೆಗೆಯುವುದು ಬಿಟ್ಟು ಹಾರೆ ತೆಗೆಯುವ ಕೆಲಸ ಶುರುವಾಯಿತು. ಆಗಲೇ ಸಂಜೆಗೆಂದು ತರಿಸಿದ್ದ ಟ್ಯಾಂಕರಿನ ಡ್ರೈವರ್ ಖಾಲಿ ಪೈಪು ಹೆಗಲ ಮೇಲೆ ಹಾಕಿಕೊಂಡು ತಗಡಿನ ಮರೆಯಿಂದ ಹೊರಗೆ ಬಂದ.

"ನೀರು ಬಿಟ್ಟೆ ನೋಡ್ರಿ ಸಾವ್ಕಾರ್ರ. ಬರ್ತೀನ್ರಿ."

"ಎಲ್ಲಿ ಬಿಟ್ಟ್ಯೋ?"

"ನಿಮ್ಮ ಗದ್ಯಾಗ."

"ನನಗ ಯಾವ ಗದ್ದಿ ಐತೋ! ಅದು ಸಂಜೀಗೆ ಬಿಡೂ ನೀರು!"

ಹಂಪಣ್ಣ ತಗಡಿನ ಸಂದಿಯಲ್ಲಿ ತಲೆ ತೂರಿಸಿದ. ಒಳಗೆ ಟ್ರ್ಯಾಕ್ಟರು ಭೋರೆಂದು ಕೆಸರು ಎಬ್ಬಿಸುತ್ತಿತ್ತು. ಹೊಳಿಯಪ್ಪ ಮೊಣಕಾಲುದ್ದ ರಾಡಿಯಲ್ಲಿ, ತವರಿಗೆ ಬಂದ ಮಗಳ ಮುಖ ಮಾಡಿಕೊಂಡು ನಿಂತಿದ್ದ.

"ಒಣಾ ನೆಲಾ ಹಲಗಿಗೆ ಬಗ್ಗೂದಿಲ್ರಿ ಸಾವ್ಕಾರ್ರ!" ಟ್ರ್ಯಾಕ್ಟರಿನ ಸದ್ದಿನ ಮೇಲೆ ಕೂಗಿದ. "ನೆನಸಿದ್ರನ ಸಪಾಟ. ನೀವು ಸಂಜೀಗೆ ಮತ್ತೊಂದು ಟ್ಯಾಂಕರ್ ತಂದಬಿಡ್ರಿ!"

ಬೈಯಲೂ ಪುರುಸೊತ್ತಿರಲಿಲ್ಲ. ವಿರುಪಣ್ಣನ ಬೈಕಿನ ಹಿಂದೆ ಹತ್ತಿ ಕೂತು ಹಂಪಣ್ಣ ನೀರು ಹುಡುಕಲು ಹೊರಟ.

ಒಂದು ಕಡೆ ಟ್ಯಾಂಕರ್ ಇತ್ತು, ನೀರಿರಲಿಲ್ಲ. ಇನ್ನೊಂದು ಕಡೆ ನೀರಿತ್ತು, ಟ್ಯಾಂಕರು ಮದುವೆಗೆ ಹೋಗಿತ್ತು. ಮೂರನೆಯವನು ನೀರು ಏತಕ್ಕೆ ಎಂದು ವಿಚಾರಿಸಿದ. ಸುಮ್ಮನೆ ನೆಲದ ಮೇಲೆ ಬಿಟ್ಟು ಎಲ್ಲಿ ಹೋಗುತ್ತದೆ ನೋಡುವುದಕ್ಕೆ ಎಂದು ಹಂಪಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನು ವಿರುಪಣ್ಣನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ಇವರಿಗೆ ಯಾವಾಗಿಂದ ಹಿಂಗರಿ?" ಎಂದು ಕೇಳಿದ.

ಬೈಕು ಸಂದಿಗೊಂದಿಗಳನ್ನು ಸುತ್ತಿ ಬರುವಾಗ ಹಂಪಣ್ಣ ಬೆರಳು ಮಾಡಿ ತೋರಿಸುತ್ತಿದ್ದ. "ಇಲ್ಲಿ ಬಸವಕುಮಾರಂದು ಮಿಲ್ಲಿತ್ತು ನೋಡು. ಎಂಥಾ ಭೋಂಗಾ ಅವಂದು! ಕೂಗಿತಂದ್ರ ಸಾಲಿ ಮಾಸ್ತರು ಗಡಿಯಾರ ಸರಿ ಮಾಡ್ಕೊಂತಿದ್ರು."

ಅಲ್ಲೀಗ ಕಲ್ಯಾಣ ಮಂಟಪವಿತ್ತು.

"ನಮ್ಮ ಮಿಲ್ಲಿಂದು ಸ್ವಲ್ಪ ಒಡಕ ದನಿ. ಖರೆ ಅದರಾಗ ಒಂದು ಮಮಕಾರ ಇತ್ತು, ಹೌದಿಲ್ಲೋ?"

"ನನ್ನ ಎಮ್ಮಿ ಅದನ್ನ ಕೇಳಿ ಹಾಲು ಬಿಡ್ತಿದ್ದಿಲ್ಲ," ಎಂದ ವಿರುಪಣ್ಣ. ಆದರೂ ಆ ತಿರುವಿನಲ್ಲಿ ಬೈಕನ್ನು ತಾನಾಗಿಯೇ ನಿಧಾನ ಮಾಡಿದ. ಆನೆಗೊಂದಿ ಗುಡ್ಡಗಳ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಹಂಪಣ್ಣನಿಗೆ ಗಾಳಿಯ ಕಡೆ ಗಮನವಿರಲಿಲ್ಲ, ಟ್ಯಾಂಕರು ಸಿಗಲಿಲ್ಲವೆಂಬುದೇ ಎದೆಯ ಮೇಲೆ ಕೂತಿತ್ತು.

ಹಿಂತಿರುಗಿ ಬಂದರೆ ಗೇಟಿನ ಮುಂದೆ ಆಗಲೇ ಎಂಜಿನಿಯರಮ್ಮನ ಸ್ಕೂಟಿ. ಅನ್ನಮ್ಮ ಕೂಡ ಬಂದಿದ್ದಳು, ಗಂಡ ಮಧ್ಯಾಹ್ನ ಊಟಕ್ಕೆ ಬಾರದ್ದು ಕಂಡು ಬುತ್ತಿ ತಂದಿದ್ದಳು.

"ನೀರು ತಂದ್ರೇನ್ರಿ?" ರೇಣುಕಾದೇವಿ ಕೇಳಿದರು.

ಹಂಪಣ್ಣ ಏನೋ ಒಂದು ಹೇಳಬೇಕೆನ್ನುವಾಗಲೇ ಹೊಳಿಯಪ್ಪ ಒಳಗಿನಿಂದ ತಗಡು ಸರಿಸಿದ, ನಾಟಕದ ಪರದೆ ಎತ್ತಿದ ಹಾಗೆ.

ಗುಂಡಿಗಳಿರಲಿಲ್ಲ, ದಿಣ್ಣೆಗಳಿರಲಿಲ್ಲ. ಮಿಲ್ಲಿತ್ತೆಂಬ ಗುರುತು ಕೂಡ ಇರಲಿಲ್ಲ. ಆ ಕೊನೆಯಿಂದ ಈ ಕೊನೆಯ ತನಕ ನುಣ್ಣನೆಯ ಕೆಸರು, ದೋಸೆ ಹುಯ್ದ ಹಾಗೆ ಸಮ. ಅದರ ನಾಲ್ಕೂ ಸುತ್ತ ಮೊಣಕಾಲೆತ್ತರದ ಬದು. ಆ ಬದುವನ್ನು ಅಂಗೈಯಿಂದ ತಟ್ಟಿ ತಟ್ಟಿ, ಕೂಸಿನ ಬೆನ್ನಿನಷ್ಟು ನಯ ಮಾಡಿದ್ದರು. ಹೆಚ್ಚಿನ ನೀರು ಬಿಡಲು ಮೂಲೆಯಲ್ಲೊಂದು ಬಾಯಿ, ಅದಕ್ಕೆ ಅಚ್ಚುಕಟ್ಟಾಗಿ ಮಣ್ಣಿನ ಮುಚ್ಚಳ. ಗಂಗಾವತಿಯ ರಸ್ತೆಯ ಮಗ್ಗುಲಲ್ಲಿ, ಗೊಬ್ಬರದಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ, ನಾಟಿಗೆ ತಯಾರಾದ ಒಂದು ಭತ್ತದ ಗದ್ದೆ!

"ಇದೇನೋ ಇದು?" ಹಂಪಣ್ಣ ಬದುವಿನ ಕಡೆ ಕೈ ಮಾಡಿದ.

"ಬದುರಿ."

"ಬದು ಯಾಕೋ?"

"ಬದು ಇಲ್ದ ನೀರು ಹೆಂಗ ನಿಲ್ತದ್ರಿ?"

"ನಿಲ್ಲಬಾರದೋ ಮಾರಾಯಾ! ಹರದು ಹೋಗ್ಬೇಕಿತ್ತೋ!"

ಹೊಳಿಯಪ್ಪನ ಮುಖ ಬಾಡಿತು. ಸುತ್ತಲಿದ್ದ ತನ್ನವರನ್ನೆಲ್ಲ ಒಮ್ಮೆ ನೋಡಿದ. ಅವರಿಗೂ ಈ ಮಾತು ಅರ್ಥವಾದಂತೆ ಕಾಣಲಿಲ್ಲ. "ನೀರು ಹರದು ಹೋಗೂವಂಥ ನೆಲಾ ಯಾರರ ಕೂಲಿ ಕೊಟ್ಟು ಮಾಡಸ್ತಾರೇನ್ರಿ ಸಾವ್ಕಾರ್ರ? ನಮ್ಮ ಜಲ್ಮದಾಗ ಅಂಥಾ ಕೆಲಸಾ ಮಾಡಿಲ್ರಿ."

"ಒಡಿ! ಬದು ಒಡಿ ಮೊದಲ!"

ಹೊಳಿಯಪ್ಪ ಎತ್ತಲಾರದೆ ಎತ್ತಲಾರದೆ ಸಲಿಕೆ ಎತ್ತಿದ. ಆ ಗಳಿಗೆಗೆ ಸರಿಯಾಗಿ ಗುಡುಗಿತು. ಎಲ್ಲರೂ ತಲೆ ಎತ್ತಿದರು. ಗುಡ್ಡದ ಮೇಲಿಂದ ಕರಿಮೋಡ ದಡದಡ ಬರುತ್ತಿತ್ತು.

"ಅಯ್ಯ, ಮಾಡಾ ಬಂತು! ಓಡ್ರಿ!"

ಯಾರು ಕೂಗಿದರೋ ತಿಳಿಯಲಿಲ್ಲ. ಇಡೀ ಓಣಿ ಓಡಿ ಬಂತು. ತಾಜಬೀ ಕಸಬರಿಗೆ ಹಿಡಿದು ಓಡಿದಳು. ವಿರುಪಣ್ಣ ತನ್ನ ಗೋದಾಮಿನಿಂದ ಖಾಲಿ ಚೀಲಗಳನ್ನು ಅವಚಿಕೊಂಡು ಓಡಿದ. ಅನ್ನಮ್ಮ ಬುತ್ತಿ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡು ಓಡಿದಳು. ಹಂಪಣ್ಣನೂ ಓಡಿದ. ಬದುವಿನ ಹತ್ತಿರ ಬಂದು ಎಲ್ಲರೂ ಒಟ್ಟಿಗೇ ನಿಂತರು.

ಬಳಿದು ಚೀಲಕ್ಕೆ ತುಂಬಲು ಭತ್ತವೇ ಇರಲಿಲ್ಲ.

ಮಿಲ್ಲಿದ್ದ ಕಾಲಕ್ಕೆ ಮೋಡ ಕಂಡರೆ ಹಾಗೆಯೇ ಓಡಿ ಬರುತ್ತಿದ್ದರು. ಅಂಗಳದಲ್ಲಿ ಹರವಿದ ಭತ್ತ ನೆನೆಯಬಾರದು. ಅದು ಯಾರ ಭತ್ತ, ಯಾರ ಮಿಲ್ಲು ಎಂದು ಯಾರೂ ಕೇಳುತ್ತಿರಲಿಲ್ಲ. ನಿನ್ನೆ ಜಗಳಾಡಿದವರೂ ಒಂದೇ ಚೀಲದ ಎರಡು ಕಿವಿ ಹಿಡಿಯುತ್ತಿದ್ದರು. ಮಿಲ್ಲು ಹೋಗಿ ಎಷ್ಟೋ ದಿನವಾಗಿದ್ದರೂ ಕಾಲುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ತಾಜಬೀ ತನ್ನ ಕೈಯ ಕಸಬರಿಗೆ ನೋಡಿಕೊಂಡಳು. ವಿರುಪಣ್ಣ ಚೀಲ ನೋಡಿಕೊಂಡ. ಮೊದಲು ಅನ್ನಮ್ಮನಿಗೆ ನಗೆ ಬಂತು, ಆಮೇಲೆ ಎಲ್ಲರಿಗೂ. ನಗುತ್ತಿದ್ದ ಹಾಗೆಯೇ ಮಳೆ ಕೊಡ ಬಗ್ಗಿಸಿದಂತೆ ಸುರಿಯಿತು. ಬದು ಒಡೆಯುವುದು ಮರೆತು ಎಲ್ಲರೂ ವಿರುಪಣ್ಣನ ಅಂಗಡಿಯ ಪಡಸಾಲೆ ಸೇರಿದರು.

ಮಳೆ ಇಷ್ಟು ದಿನದ ಮುನಿಸನ್ನೆಲ್ಲ ಒಂದೇ ಸಂಜೆ ತೀರಿಸಿಕೊಂಡಿತು. ರಸ್ತೆ ಹಳ್ಳವಾಯಿತು. ಮೊಬೈಲ್ ಅಂಗಡಿಯ ಮೆಟ್ಟಿಲು ಕಾಣದಾದವು. ಯಾರದೋ ಚಪ್ಪಲಿಗಳು ಜೋಡಿಯಾಗಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದವು. ಹಂಪಣ್ಣ ಗೊಬ್ಬರದ ಚೀಲದ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ಅವನ ಗದ್ದೆ ಅಂಗುಲ ಅಂಗುಲವಾಗಿ ತುಂಬುತ್ತಿತ್ತು. ಮಂಗಳಾರತಿ ತಟ್ಟೆ ಎದುರಿಗೆ ಬಂದಾಗ ಜೇಬು ಖಾಲಿ ಇದ್ದವನ ಮುಖ ಅವನದು.

ಮಳೆ ನಿಂತಿತು. ಬದುವಿನ ತುದಿಗೆ ನಾಲ್ಕು ಬೆರಳು ಉಳಿಸಿಕೊಂಡು ನೀರು ಕನ್ನಡಿಯಂತೆ ನಿಂತಿತ್ತು. ಒಂದು ಹನಿ ಹೊರಗೆ ಹೋಗಿರಲಿಲ್ಲ.

"ಹೆಂಗೈತ್ರಿ ಮೇಡಮ್ಮಾರ?" ಹೊಳಿಯಪ್ಪ ತಡೆಯಲಾರದೆ ಕೇಳಿದ. "ಆ ಮೂಲಿಗೂ ಈ ಮೂಲಿಗೂ ಫರಕ ಇದ್ರ ಹೇಳ್ರಿ."

ರೇಣುಕಾದೇವಿ ಚಪ್ಪಲಿ ಕಳೆದು ಬದುವಿನ ಮೇಲೆ ಒಂದು ಸುತ್ತು ನಡೆದರು. ಕೋಲು ಇಳಿಬಿಟ್ಟು ಆಳ ನೋಡಿದರು. ವಿರುಪಣ್ಣನ ಗೋದಾಮಿಗೆ ಹೋಗಿ ನೆಲ ಮುಟ್ಟಿ ನೋಡಿದರು. ಮೊಬೈಲಿನಲ್ಲಿ ಏನೇನೋ ಬರೆದುಕೊಂಡರು. ಆಮೇಲೆ ಹಂಪಣ್ಣನ ಹತ್ತಿರ ಬಂದು,

"ಪಾಸಾತ್ರಿ ನಿಮ್ಮದು," ಎಂದರು.

ಹಂಪಣ್ಣನಿಗೆ ನಂಬಿಕೆ ಬರಲಿಲ್ಲ. "ನೀರು ನಿಂತೈತಲ್ರೀ ಮೇಡಂ!"

"ನಿಲ್ಲಬೇಕು! ನಿಮ್ಮ ಜಾಗದಾಗ ಬಿದ್ದ ಮಳಿ ರಸ್ತೆಗೆ ನುಗ್ಗಿ ಊರು ಮುಳಗಿಸಬಾರ್ದು. ಅಲ್ಲೇ ತಡದು, ಮೆಲ್ಲಗ ನೆಲಕ್ಕ ಇಂಗಬೇಕು. ಹೊಸಾ ನಿಯಮ ಅದನ್ನ ಹೇಳೂದು. ಈ ಓಣ್ಯಾಗ ಎಲ್ಲಾರೂ ತಮ್ಮ ನೀರು ರಸ್ತೆಗೆ ಬಿಟ್ಟಾರ, ನೀವು ಒಬ್ಬರ ಹಿಡದಿಟ್ಟೀರಿ. ಹರದು ಹೋಗ್ಬೇಕಂತ ನಿಮಗ ಹೇಳಿದವರು ಯಾರು?"

ಎಲ್ಲರ ಕಣ್ಣು ವಿರುಪಣ್ಣನ ಮೇಲೆ ಹೋದವು. ವಿರುಪಣ್ಣ ಆಕಾಶದಲ್ಲಿ ಇನ್ನೂ ಎಷ್ಟು ಮಳೆ ಉಳಿದಿದೆಯೆಂದು ಪರೀಕ್ಷಿಸುತ್ತಿದ್ದ.

ಹಂಪಣ್ಣ ಎದ್ದು ಹೋಗಿ, ಕೆಸರೆನ್ನದೆ ಹೊಳಿಯಪ್ಪನನ್ನು ಅಪ್ಪಿಕೊಂಡ. ತಾಜಬೀ ಬಿಟ್ಟಿ ಚಹಾ ಸಾರಿದಳು. ಹಂಪಣ್ಣನ ಕಣ್ಣ ಮುಂದೆ ಆಗಲೇ ಮೂಲೆಯ ಮಳಿಗೆ ಎದ್ದು ನಿಂತಿತ್ತು. ಅದರೊಳಗೆ ಗಾದಿ, ಗಾದಿಯ ಮೇಲೆ ತಾನು, ಎದುರಿಗೆ ಶರಣೆನ್ನುತ್ತ ಹಾಯುವ ಗಂಗಾವತಿ.

"ಹಂಗಾರ ಕಟ್ಟಾಕ ಶುರು ಮಾಡ್ಲೇನ್ರಿ ಮೇಡಂ?"

"ಧಾರಾಳ ಮಾಡ್ರಿ. ಒಂದ ಷರತ್ತು. ಈಗ ಎಷ್ಟು ಜಾಗಾ ನೀರು ತಡದೈತಿ, ಕಟ್ಟಿದ ಮ್ಯಾಲೂ ಅಷ್ಟು ಜಾಗಾ ಹಂಗ ಉಳೀಬೇಕು. ಅದನ್ನ ಬಿಟ್ಟು ಉಳಿದದ್ದರಾಗ ಎಷ್ಟರ ಕಟ್ಟಿಕೋರಿ."

"ಉಳಿದದ್ದು ಎಷ್ಟಾಗ್ತದ್ರಿ?"

ರೇಣುಕಾದೇವಿ ಗದ್ದೆಯ ಈ ತುದಿ ನೋಡಿದರು, ಆ ತುದಿ ನೋಡಿದರು. "ಬದು ಉಳೀತದ್ರಿ."

ಚಹಾದ ಕಪ್ಪು ಹಂಪಣ್ಣನ ಕೈಯಲ್ಲೇ ನಿಂತಿತು.

"ಇಷ್ಟೂ ನೀರು ಹಿಡೀಬೇಕಿತ್ತೇನ್ರಿ?"

"ಎಲ್ಲಿ ಬೇಕಿತ್ರಿ! ಒಂದು ಮೂಲ್ಯಾಗ ಹಿಡದಿದ್ರ ಸಾಕಿತ್ತು. ಒಂದು ಮೂಲಿ ಅಂತ ಬರೀತಿದ್ದೆ. ನೀವು ಇಡೀ ಜಾಗಾನ ಹಿಡದು ತೋರಿಸೀರಿ. ಕಣ್ಣಾರೆ ಕಂಡು ಸುಳ್ಳು ಹೆಂಗ ಬರೀಲಿ?"

"ಕಂಬಾ ನಿಲ್ಲಿಸಿ ಮ್ಯಾಲ ಕಟ್ಟಿದ್ರ?"

"ಮ್ಯಾಲ ಚಾವಣಿ ಹಾಕಿದ್ರ ಇದರಾಗ ಮಳಿ ಎಲ್ಲಿಂದ ಬೀಳಬೇಕ್ರಿ?"

"ಹಂಗಾರ ಬದು ಒಡೀತೀನ್ರಿ! ನಾಳೆ ಬರ್ರಿ, ಒಂದ ಮೂಲ್ಯಾಗ ನಿಲ್ಲಿಸಿ ತೋರಸ್ತೀನಿ!"

ಹಂಪಣ್ಣ ಸಲಿಕೆಗೆ ಕೈ ಹಾಕುವಷ್ಟರಲ್ಲಿ ವಿರುಪಣ್ಣ ಬದುವಿನ ಮೇಲೆ ಹತ್ತಿ ಕೈ ಅಗಲಿಸಿ ನಿಂತಿದ್ದ.

"ಬದು ಮುಟ್ಟಿದ್ರ ನೋಡು! ಎಷ್ಟ ವರ್ಷಕ್ಕ ನನ್ನ ಗೋದಾಮು ಒಣಗಿ ಉಳದೈತಿ! ಹಂಪಣ್ಣ, ನೀ ದೇವರಂಥ ಮನಷ್ಯಾ. ಹಂಗ ಇರು."

"ಆಪಾ, ನೀನರ ಹೇಳು! ಸಿಮೆಂಟ್ ಚಾವಣಿ, ಫರಸಿ ಕಲ್ಲು..."

ತಾಜಬೀ ತನ್ನ ಒಲೆಯ ಕಡೆ ನೋಡಿದಳು. ಇಂಥ ಮಳೆಯಲ್ಲೂ ಜಾಗದ ನೀರು ಹೊರಗೆ ನುಗ್ಗದೆ, ಬಂಡಿಯ ತಗಡಿನ ಕೆಳಗೆ ಅದರ ಬೂದಿ ಕೂಡ ನೆನೆದಿರಲಿಲ್ಲ. "ಚಾವಣಿ ಇರ್ಲಿ ತಗೋ ಬೇಟಾ," ಎಂದು ಅವಳೂ ಸೀರೆ ಎತ್ತಿ ಹಿಡಿದು ಬದು ಹತ್ತಿ ವಿರುಪಣ್ಣನ ಪಕ್ಕ ನಿಂತಳು. "ನಿನಗ ಚಹಾ ಮಾತ್ರ ನಾ ತಪ್ಪಸೂದಿಲ್ಲ."

ನೋಡನೋಡುತ್ತ ಓಣಿಯ ಅರ್ಧ ಜನ ಬದುವಿನ ಮೇಲಿದ್ದರು. ಹಂಪಣ್ಣನ ಕೈಯಿಂದ ಸಲಿಕೆ ಜಾರಿತು. ರೇಣುಕಾದೇವಿ ಪರವಾನಗಿ ನಾಳೆಯೇ ಕಳಿಸುವುದಾಗಿ ಹೇಳಿ ಸ್ಕೂಟಿಯ ಸೀಟು ಒರೆಸತೊಡಗಿದರು.

ಮೋಡ ಸರಿದು, ಸಂಜೆಯ ಕೆಂಪು ನೀರಿಗೆ ಇಳಿಯಿತು. ಎಲ್ಲಿಂದಲೋ ಒಂದು ಬೆಳ್ಳಕ್ಕಿ ಬಂದು, ಎಂಜಿನ್ನು ಇದ್ದ ಜಾಗದಲ್ಲಿ ಒಂಟಿ ಕಾಲಿನ ಮೇಲೆ ನಿಂತಿತು. ಹೊಳಿಯಪ್ಪ ಅದನ್ನು ನೋಡಿದ, ನೀರು ನೋಡಿದ, ಕೈ ಉಜ್ಜಿಕೊಂಡ.

"ಸಾವ್ಕಾರ್ರ, ಇಂಥಾ ನೆಲಾ ಖಾಲಿ ಬಿಡಬಾರ್ದ್ರಿ. ಅಲ್ಲಿ ಸಸಿ ಬೆಳದು ಕುಂತಾವ, ಗದ್ಯಾಗ ನೀರಿಲ್ಲ. ನಾಳೆ ಮುಂಜಾನಿ ಒಂದಿಷ್ಟು ತಂದು ಹಚ್ಚಿಬಿಡ್ಲೇನ್ರಿ?"

ಹಂಪಣ್ಣ ಬೈಯಲೆಂದು ಬಾಯಿ ತೆರೆದ. ಅವನಿಗಿಂತ ಮೊದಲು ಅನ್ನಮ್ಮನ ದನಿ ಬಂತು. ಅವಳು ಬುತ್ತಿಯ ಗಂಟಿನ ಮೇಲಿನ ನೀರು ಕೊಡವುತ್ತಿದ್ದಳು.

"ಹಚ್ಚಪ, ಹಚ್ಚು. ಹಂಗ ಹಕ್ಕಿ ಕಾಯಾಕ ನಡುವ ನಾಕು ಗೂಟ ನೆಟ್ಟು ಒಂದು ಮಂಚಿಗಿನೂ ಕಟ್ಟಿಬಿಡು. ಇವರು ಹಗಲೆಲ್ಲಾ ಅದರ ಮ್ಯಾಲ ಕುಂಡ್ರತಾರ."